ಸ್ಕಾಲ್ಟೀನ್: ಹಾಲು, ಬೆಣ್ಣೆ, ಸ್ವಲ್ಪ ವಿಸ್ಕಿ

ಐರ್ಲೆಂಡಿನಲ್ಲಿದ್ದೇವೆ ಅಂದ ಕೂಡಲೇ ಊರಲ್ಲಿ ಎಲ್ಲರೂ ಕೇಳುವುದು ವಿಸ್ಕಿ ಬಗ್ಗೆ. ರಜೆಗೆ ಬೆಂಗಳೂರಿಗೆ ಹೋದಾಗ ನೆಂಟರಿಂದ ಹಿಡಿದು ಹಳೆಯ ಕಾಲೇಜು ಗೆಳೆಯರವರೆಗೆ ಅದೇ ಪ್ರಶ್ನೆ: "ಅಲ್ಲಿ ಯಾವುದು ಚೆನ್ನಾಗಿರುತ್ತೆ? ಯಾವುದು ತಂದೆ?" ಅವರು ಕೇಳುವುದರಲ್ಲಿ ತಪ್ಪೇನಿಲ್ಲ. ಏರ್‌ಪೋರ್ಟ್ ಅಂಗಡಿಗಳಲ್ಲಿ ಈ ದೇಶ ಕಾಣುವುದೇ ಬಾಟಲಿಗಳ ಸಾಲಾಗಿ. ಆದರೆ ಇಲ್ಲಿ ಸಂಸಾರ ಹೂಡಿ, ನಾಲ್ಕು ಜನರ ಅಡುಗೆಮನೆ ನೋಡಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಇದು ಮೊದಲು ಹಾಲಿನ ದೇಶ. ವಿಸ್ಕಿ ಆಮೇಲೆ. ಸ್ಕಾಲ್ಟೀನ್ ಮಾಡಲು ಕಲಿತ ಮೇಲೆ ಈ ಮಾತು ನನಗೆ ಇನ್ನೂ ಗಟ್ಟಿಯಾಯಿತು.

ಸ್ಕಾಲ್ಟೀನ್ ಅಂದರೆ ಬಿಸಿ ಹಾಲು, ಬೆಣ್ಣೆ, ಜೇನುತುಪ್ಪ ಇಲ್ಲವೇ ಸಕ್ಕರೆ, ಒಂದೆರಡು ಮಸಾಲೆ, ಕೊನೆಗೆ ವಿಸ್ಕಿ. ಇಷ್ಟೇ. ಪಬ್‌ಗೆ ಹೋಗಿ ಕೇಳಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಪಬ್‌ನಲ್ಲಿ ಸಿಗುವ 'ಹಾಟ್ ವಿಸ್ಕಿ' ಬೇರೆ. ಅದಕ್ಕೆ ಬಿಸಿ ನೀರು, ಸಕ್ಕರೆ, ಲವಂಗ ಚುಚ್ಚಿದ ನಿಂಬೆ ಹೋಳು ಹಾಕುತ್ತಾರೆ. ಗಾಜಿನ ಲೋಟ ಬಿರುಕು ಬಿಡದಿರಲಿ ಅಂತ ಮೊದಲೇ ಒಂದು ಚಮಚ ಇಳಿಬಿಟ್ಟಿರುತ್ತಾರೆ. ಇನ್ನು ಐರಿಶ್ ಕಾಫಿ ಹುಟ್ಟಿದ್ದು 1940ರ ದಶಕದಲ್ಲಿ, ಲಿಮರಿಕ್ ಕೌಂಟಿಯ ಫಾಯ್ನ್ಸ್‌ನಲ್ಲಿ. ಅಟ್ಲಾಂಟಿಕ್ ದಾಟುವ ವಿಮಾನಗಳು ಆಗ ಅಲ್ಲಿ ನೀರಿನ ಮೇಲೆ ಇಳಿಯುತ್ತಿದ್ದವು. ಚಳಿಯಲ್ಲಿ ನಡುಗುತ್ತಾ ಇಳಿದ ಪ್ರಯಾಣಿಕರಿಗಾಗಿ ಜೋ ಶೆರಿಡನ್ ಎಂಬ ಬಾಣಸಿಗ ಅದನ್ನು ಮಾಡಿದ. ವಿಸ್ಕಿ ಮತ್ತು ಕೆನೆ ಸೇರಿದ ಬೇಲೀಸ್ ಬಂದದ್ದು 1970ರ ದಶಕದಲ್ಲಿ, ಮಾರುಕಟ್ಟೆಗೆಂದೇ. ಈಗ ಲೋಕಕ್ಕೆಲ್ಲ ಗೊತ್ತಿರುವುದು ಇವೇ. ಇವಕ್ಕಿಂತ ಎಷ್ಟೋ ಹಿಂದಿನ ಸ್ಕಾಲ್ಟೀನ್ ಮಾತ್ರ ಮನೆಯ ಒಲೆ ಬಿಟ್ಟು ಹೆಚ್ಚು ದೂರ ಹೋಗಲಿಲ್ಲ.

ನನಗೆ ಇದನ್ನು ಕಲಿಸಿದವರು ಕಾರ್ಕ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಹಿರಿಯರು. ಕೆರ್ರಿ ಕೌಂಟಿಯ ಹಳ್ಳಿಯಲ್ಲಿ, ಹಸು ಸಾಕುವ ಮನೆಯಲ್ಲಿ ಹುಟ್ಟಿ ಬೆಳೆದವರು. ಇಲ್ಲಿ ಎಷ್ಟೇ ವಯಸ್ಸಾದವರನ್ನೂ ಹೆಸರು ಹಿಡಿದೇ ಕರೆಯುವುದು ರೂಢಿ. ನನಗೆ ಅದು ಬಾಯಿಗೆ ಬರುವುದಿಲ್ಲ. ಮನೆಯೊಳಗೆ ನಾವು ಅವರನ್ನು 'ಕೆರ್ರಿ ಅಜ್ಜಿ' ಅಂತಲೇ ಅನ್ನುತ್ತೇವೆ. ಅವರ ಬಾಲ್ಯದ ಸ್ಕಾಲ್ಟೀನ್ ಫೆಬ್ರವರಿ ತಿಂಗಳದ್ದು. ಇಲ್ಲಿ ಹೆಚ್ಚಿನ ಹಸುಗಳು ಕರು ಹಾಕುವುದು ವಸಂತ ಶುರುವಾಗುವ ಹೊತ್ತಿಗೆ. ಹುಲ್ಲು ಚಿಗುರುವ ಕಾಲಕ್ಕೆ ಕೆಚ್ಚಲು ತುಂಬಿರಬೇಕು ಅನ್ನುವುದು ಲೆಕ್ಕ. ಹಾಗಾಗಿ ಫೆಬ್ರವರಿಯಲ್ಲಿ ಅವರ ಅಪ್ಪನಿಗೆ ರಾತ್ರಿಯೆಲ್ಲ ಕೊಟ್ಟಿಗೆಯಲ್ಲೇ ಕೆಲಸ. ಕರು ಹೊರಬಂದು, ಎದ್ದು ನಿಂತು, ತಾಯಿ ಅದನ್ನು ನೆಕ್ಕುವುದನ್ನು ಕಣ್ಣಾರೆ ನೋಡಿದ ಮೇಲೇ ಅಪ್ಪ ಒಳಗೆ ಬರುತ್ತಿದ್ದರಂತೆ. ಮೊಣಕೈವರೆಗೆ ಒದ್ದೆ, ಬೆನ್ನಿನ ಮೇಲೆ ಮಳೆ. ಅಷ್ಟು ಹೊತ್ತಿಗೆ ಅಮ್ಮ ಒಲೆಯ ಮೇಲೆ ಹಾಲಿಟ್ಟಿರುತ್ತಿದ್ದರು.

"ಯಾವ ಹಾಲು?" ಅಂತ ನಾನು ಕೇಳಿದೆ. ಆಗ ತಾನೇ ಕರು ಹಾಕಿದ ಹಸುವಿನದು ಗಿಣ್ಣು ಹಾಲು ಅಲ್ವಾ? ಅದನ್ನು ಕಾಯಿಸಿದರೆ ಗಟ್ಟಿಯಾಗಿಬಿಡುತ್ತದೆ. ಅವರಿಗೆ ಈ ಪ್ರಶ್ನೆ ತುಂಬಾ ಹಿಡಿಸಿತು. ಗಿಣ್ಣು ಕರುವಿಗೆ, ಉಳಿದದ್ದು ಮನೆಯ ಮಕ್ಕಳಿಗೆ ಅಂದರು. ಅಪ್ಪನ ಲೋಟಕ್ಕೆ ಚಳಿಗಾಲವಿಡೀ ಬತ್ತದೆ ಹಾಲು ಕೊಡುತ್ತಿದ್ದ ಇನ್ನೊಂದು ಹಸುವಿನ ಹಾಲು. ಆ ಹಸುವಿಗೆ ಮನೆಯಲ್ಲಿ ವಿಶೇಷ ಮರ್ಯಾದೆ ಇತ್ತಂತೆ.

ಈ ಕೊನೆಯ ಮಾತನ್ನು ನಾನು ಬಹಳ ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಹಳೆಯ ಐರ್ಲೆಂಡಿನಲ್ಲಿ ಚಳಿಗಾಲ ಅಂದರೆ ಹಾಲು ಕಮ್ಮಿ ಇರುವ ಕಾಲ. ಬೇಸಿಗೆಯಲ್ಲಿ ಹಾಲಿನ ಹೊಳೆ, ಡಿಸೆಂಬರ್ ಬಂದರೆ ಬಹುಪಾಲು ಹಸು ಬತ್ತಿರುತ್ತಿದ್ದವು. ಆಗ ಮನೆಯಲ್ಲಿ ಉಳಿಯುವುದು ಬೇಸಿಗೆಯಲ್ಲಿ ಕಡೆದು, ಉಪ್ಪು ಬೆರೆಸಿ ಇಟ್ಟ ಬೆಣ್ಣೆ. ಹೀಗಿರುವಾಗ ಚಳಿಯ ರಾತ್ರಿಯಲ್ಲಿ ಒಂದು ಲೋಟ ತುಂಬ ಹಾಲು ಕಾಯಿಸಿ ಕೊಡುವುದು ಸಣ್ಣ ಸಂಗತಿ ಅಲ್ಲ. ವಿಸ್ಕಿಗಿಂತ ಹಾಲೇ ಅಪರೂಪ ಆಗಿದ್ದ ದಿನಗಳು ಇದ್ದವು.

ಪಿ. ಡಬ್ಲ್ಯು. ಜಾಯ್ಸ್ ಎಂಬ ವಿದ್ವಾಂಸರು 1910ರಲ್ಲಿ ಐರಿಶ್ ಜನರ ಆಡುಮಾತಿನ ಬಗ್ಗೆ ಒಂದು ಪುಸ್ತಕ ಬರೆದರು. (ಕಾದಂಬರಿಕಾರ ಜೇಮ್ಸ್ ಜಾಯ್ಸ್ ಬೇರೆ, ಇವರು ಬೇರೆ.) ಅದರಲ್ಲಿ ಸ್ಕಾಲ್ಟೀನ್ ಬಗ್ಗೆಯೂ ನಾಲ್ಕು ಸಾಲು ಇದೆ. ಅವರು ಹೇಳುವ ಪಾಕದಲ್ಲಿ ಹಾಲೇ ಇಲ್ಲ! ವಿಸ್ಕಿ, ನೀರು, ಸಕ್ಕರೆ, ಬೆಣ್ಣೆ, ಮೆಣಸು ಅಥವಾ ಶಾಹಿಜೀರಿಗೆ. ಎಲ್ಲ ಸೇರಿಸಿ ಪಾತ್ರೆಯಲ್ಲಿ ಕುದಿಸುವುದು. ಶೀತಕ್ಕೆ ಇದನ್ನು ಮೀರಿದ ಮದ್ದಿಲ್ಲ ಅನ್ನುತ್ತಾರೆ. ಟಪಾಲು ಗಾಡಿಗಳ ಕಾಲದಲ್ಲಿ ಕಿಲಾರ್ನಿಯಿಂದ ಮ್ಯಾಲೊಗೆ ಹೋಗುವ ದಾರಿಯಲ್ಲಿ ಇದಕ್ಕೆ ಹೆಸರಾದ ಒಂದು ಛತ್ರ ಇತ್ತಂತೆ. ಬರುವ ಹೋಗುವ ಪ್ರಯಾಣಿಕರಿಗಾಗಿ ದೊಡ್ಡ ಪಾತ್ರೆಯಲ್ಲಿ ಯಾವಾಗಲೂ ಸಿದ್ಧವಾಗಿ ಇಟ್ಟಿರುತ್ತಿದ್ದರಂತೆ.

ಹಾಗಾದರೆ ಯಾವುದು ಸರಿ, ನೀರಿನದೋ ಹಾಲಿನದೋ? ಎರಡೂ ಸರಿ ಅಂತ ನನ್ನ ಅಂದಾಜು. ದಿನವಿಡೀ ಒಲೆಯ ಮೇಲೆ ಕೂರುವ ಛತ್ರದ ಪಾತ್ರೆಗೆ ಹಾಲು ಹೊಂದುವುದಿಲ್ಲ. ತಳ ಹಿಡಿಯುತ್ತದೆ, ಕೆನೆ ಕಟ್ಟುತ್ತದೆ, ಸಂಜೆಗೆ ಒಡೆಯುತ್ತದೆ. ಮೇಲಾಗಿ ಚಳಿಗಾಲದಲ್ಲಿ ಅಷ್ಟು ಹಾಲು ತರುವುದು ಎಲ್ಲಿಂದ? ಬೆಣ್ಣೆ ಇದ್ದೇ ಇರುತ್ತದೆ, ನೀರಿಗೆ ಬರವಿಲ್ಲ. ಮನೆಯಲ್ಲಾದರೆ ಒಬ್ಬರಿಗೆ, ಒಂದು ಲೋಟ, ಆಗಿಂದಾಗ ಮಾಡುವುದು. ಅಲ್ಲಿ ಹಾಲು ಹಾಕಬಹುದು. ಎರಡರಲ್ಲೂ ಬಿಡದೆ ಇರುವುದು ಬೆಣ್ಣೆ.

ಬೆಣ್ಣೆಯ ವಿಷಯಕ್ಕೆ ಬಂದರೆ ನಮ್ಮ ಕಾರ್ಕ್ ಊರಿನ ಬಗ್ಗೆ ಹೇಳದೆ ಇರಲಾಗದು. ಇಲ್ಲಿನ ಶ್ಯಾಂಡನ್ ಬೀದಿಗಳಲ್ಲಿ 1770ರಿಂದ 1924ರವರೆಗೆ ಬೆಣ್ಣೆಯ ಮಾರುಕಟ್ಟೆ ನಡೆಯುತ್ತಿತ್ತು. 19ನೇ ಶತಮಾನದಲ್ಲಿ ಅದು ಲೋಕದಲ್ಲೇ ದೊಡ್ಡದು ಅನ್ನಿಸಿಕೊಂಡಿತ್ತು. ಮರದ ಪೀಪಾಯಿಗಳಲ್ಲಿ ಉಪ್ಪು ಬೆಣ್ಣೆ ತುಂಬಿಸಿ ತರುತ್ತಿದ್ದರು. ಇಲ್ಲಿ ಅದನ್ನು ಪರೀಕ್ಷೆ ಮಾಡಿ, ದರ್ಜೆ ಹಾಕಿ, ಹಡಗು ಹತ್ತಿಸುತ್ತಿದ್ದರು. ವೆಸ್ಟ್ ಇಂಡೀಸ್‌ವರೆಗೂ ಹೋಗುತ್ತಿತ್ತು. ಕೆರ್ರಿಯಿಂದ ಬೆಣ್ಣೆ ಸಾಗಿಸಲೆಂದೇ 18ನೇ ಶತಮಾನದ ನಡುವಿನಲ್ಲಿ ರಸ್ತೆ ಮಾಡಿದರು. ಅದಕ್ಕೆ ಈಗಲೂ ಬೆಣ್ಣೆ ರಸ್ತೆ ಅಂತಲೇ ಹೆಸರು. ಜಾಯ್ಸ್ ಹೇಳುವ ಛತ್ರ ಇದ್ದದ್ದೂ ಇದೇ ಬೆಣ್ಣೆಯ ಸೀಮೆಯಲ್ಲಿ. ಶ್ಯಾಂಡನ್‌ನಲ್ಲಿ ಈಗ ಬೆಣ್ಣೆಯ ಮ್ಯೂಸಿಯಂ ಇದೆ. ಊರಿಂದ ಯಾರೇ ಬಂದರೂ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಡಿಸ್ಟಿಲರಿ ನೋಡಬೇಕು ಅನ್ನುವವರಿಗೂ ಮೊದಲು ಇದನ್ನು ನೋಡಿ ಅನ್ನುತ್ತೇನೆ.

ಬೆಣ್ಣೆಗಿಂತ ಹಿಂದಕ್ಕೆ ಹೋದರೂ ಕಥೆ ಅದೇ. 1690ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಜಾನ್ ಸ್ಟೀವನ್ಸ್ ಎಂಬ ಇಂಗ್ಲಿಷ್ ಸೈನಿಕ ತನ್ನ ದಿನಚರಿಯಲ್ಲಿ, ಐರಿಶ್ ಜನರಷ್ಟು ಹಾಲನ್ನು ಪ್ರೀತಿಸುವವರನ್ನು ತಾನು ಕಂಡಿಲ್ಲ ಅಂತ ಬರೆದಿಟ್ಟಿದ್ದಾನೆ. ಇಪ್ಪತ್ತು ಬಗೆಯಲ್ಲಿ ಹಾಲು ತಿನ್ನುತ್ತಾರೆ, ಕುಡಿಯುತ್ತಾರೆ, ಅದರಲ್ಲೂ ಹುಳಿ ಬಂದಷ್ಟೂ ಅವರಿಗೆ ಇಷ್ಟ ಅಂತ ಅವನಿಗೆ ಅಚ್ಚರಿ. ಮೊಸರು ಮಜ್ಜಿಗೆ ಇಲ್ಲದೆ ಊಟ ಮುಗಿಸದ ನಮಗೆ ಇದರಲ್ಲಿ ಅಚ್ಚರಿ ಏನಿಲ್ಲ.

ಸರಿ, ಈಗ ಮಾಡುವ ಬಗೆ. ಒಬ್ಬರಿಗೆ 200 ಮಿಲಿ ಹಾಲು ಸಾಕು. ಕೆನೆ ತೆಗೆಯದ ಹಾಲೇ ಆಗಬೇಕು. ಬೆಂಗಳೂರಿನಲ್ಲಿ ಮಾಡುವವರಿಗೆ ಒಂದು ಮಾತು: ಟೋನ್ಡ್ ಹಾಲಿನಲ್ಲಿ ಕೊಬ್ಬು 3% ಮಾತ್ರ, ಅದರಲ್ಲಿ ಮಾಡಿದರೆ ತೆಳುವಾಗುತ್ತದೆ. ಗಟ್ಟಿ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಿ. ದಪ್ಪ ತಳದ ಪಾತ್ರೆಗೆ ಹಾಲು ಹಾಕಿ. ಎರಡು ಲವಂಗ, ಕಿರುಬೆರಳಿನ ಅರ್ಧದಷ್ಟು ಚಕ್ಕೆ ಹಾಕಿ. ಉರಿ ಸಣ್ಣದಿರಲಿ. ಮಸಾಲೆಯ ಗುಣ ಹಾಲಿಗೆ ಇಳಿಯಲು ಹೊತ್ತು ಬೇಕು. ಜೋರು ಉರಿಯಲ್ಲಿ ಹಾಲು ಮೊದಲೇ ಉಕ್ಕಿಬಿಡುತ್ತದೆ, ಲವಂಗ ಹಾಗೇ ಉಳಿಯುತ್ತದೆ.

ಹಾಲು ಉಕ್ಕಲೇಬಾರದು. ನಮಗೆ ಇದು ಸ್ವಲ್ಪ ಕಷ್ಟದ ಮಾತು, ಯಾಕೆಂದರೆ ಹಾಲು ಉಕ್ಕಿದರೇನೇ ಕಾದದ್ದು ಅಂತ ನಾವು ಬೆಳೆದಿದ್ದೇವೆ. ಪ್ಯಾಕೆಟ್ ಹಾಲು ಆಗಲೇ ಪಾಶ್ಚರೀಕರಣ ಆಗಿರುತ್ತದೆ. ಇಲ್ಲಿ ಬೇಕಾಗಿರುವುದು ಬಿಸಿ ಮಾತ್ರ. ಪಾತ್ರೆಯ ಅಂಚನ್ನು ನೋಡುತ್ತಿರಿ. ಮೊದಲು ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಏಳುತ್ತವೆ. ನಡುವೆ ಹಾಲು ಅಲ್ಲಾಡದೆ ಇರುತ್ತದೆ. ಆಮೇಲೆ ಆ ಗುಳ್ಳೆಗಳು ಒಂದಕ್ಕೊಂದು ಅಂಟಿಕೊಂಡು ಸುತ್ತಲೂ ಬಿಳಿ ದಾರದ ಹಾಗೆ ನಿಲ್ಲುತ್ತವೆ. ಆವಿ ನೇರವಾಗಿ ಮೇಲೆ ಬರುತ್ತದೆ. ಅದೇ ಹದ. ಆಗ ಒಂದು ಟೀ ಚಮಚ ಬೆಣ್ಣೆ ಹಾಕಿ. ಇಲ್ಲಿನ ಬೆಣ್ಣೆ ಉಪ್ಪು ಹಾಕಿದ್ದು, ಹಳದಿ ಜಾಸ್ತಿ. ಹಸು ಹಸಿರು ಹುಲ್ಲು ಮೇಯುವುದರಿಂದ ಆ ಬಣ್ಣ. ಚಿಟಿಕೆಗಿಂತ ಕಮ್ಮಿ ಆ ಉಪ್ಪು ಇದಕ್ಕೆ ಬೇಕೇ ಬೇಕು. ನಮ್ಮೂರ ಮನೆಬೆಣ್ಣೆ ಆದರೆ ಒಂದು ಹರಳು ಉಪ್ಪು ಸೇರಿಸಬಹುದು.

ಬೆಣ್ಣೆ ಕರಗಿ ಮೇಲೆ ಹಳದಿ ಕಣ್ಣು ಕಣ್ಣಾಗಿ ತೇಲುತ್ತದೆ. ಹಾಗೇ ಬಿಟ್ಟು ಕುಡಿದರೆ ತುಟಿಗೆಲ್ಲ ಜಿಡ್ಡು, ಕೆಳಗೆ ಬರೀ ಹಾಲು. ಅದನ್ನು ಹಾಲಿನೊಳಗೆ ಕೂಡಿಸಬೇಕು. ಕೆರ್ರಿ ಅಜ್ಜಿ ತಂತಿಯ ವಿಸ್ಕ್‌ನಲ್ಲಿ ಕಲಕುತ್ತಾರೆ. ನಾನು ಊರಿಂದ ತಂದ ಸಣ್ಣ ಮರದ ಕಡಗೋಲು ಹಿಡಿಯುತ್ತೇನೆ. ಎರಡು ಅಂಗೈಗಳ ನಡುವೆ ತಿರುಗಿಸುತ್ತಾ ಹೋದರೆ ಆ ಹಳದಿ ಕಣ್ಣುಗಳು ಒಡೆದು ಸಣ್ಣದಾಗಿ, ಇನ್ನೂ ಸಣ್ಣದಾಗಿ, ಕೊನೆಗೆ ಕಾಣದಂತೆ ಆಗುತ್ತವೆ. ಮೇಲೆ ನೊರೆ ನಿಲ್ಲುತ್ತದೆ. ಹಾಲಿನಲ್ಲಿರುವ ಪ್ರೋಟೀನು ಒಂದೊಂದು ಹನಿ ಬೆಣ್ಣೆಯನ್ನೂ ಸುತ್ತುವರಿದು ಹಿಡಿದುಕೊಳ್ಳುವುದರಿಂದ ಅದು ಸ್ವಲ್ಪ ಹೊತ್ತು ಮತ್ತೆ ಮೇಲೆ ಬರುವುದಿಲ್ಲ. ನನ್ನ ಕಡಗೋಲು ನೋಡಿ ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ತಿರುಗಿಸಿ ನೋಡಿದರು. ಹೆಚ್ಚೇನೂ ಹೇಳಲಿಲ್ಲ. ಮುಂದಿನ ಸಲ ತಮ್ಮ ಮನೆಗೆ ಬರುವಾಗ ತೆಗೆದುಕೊಂಡು ಬಾ ಅಂದರು.

ಈಗ ಒಲೆ ಆರಿಸಿ. ಪಾತ್ರೆಯನ್ನು ಪಕ್ಕಕ್ಕಿಡಿ. ಒಂದು ಚಮಚ ಜೇನುತುಪ್ಪ ಹಾಕಿ ಕರಗಿಸಿ. ಆಮೇಲೆ ವಿಸ್ಕಿ. ಈ ಸರದಿ ತಪ್ಪಬಾರದು. ಆಲ್ಕೋಹಾಲ್ 78 ಡಿಗ್ರಿಗೆ ಕುದಿಯುತ್ತದೆ, ಹಾಲು ಕುದಿಯಲು 100 ಡಿಗ್ರಿ ದಾಟಬೇಕು. ಕುದಿಯುವ ಹಾಲಿಗೆ ವಿಸ್ಕಿ ಸುರಿದರೆ ಘಾಟು ಒಮ್ಮೆಲೇ ಎದ್ದು ಮೂಗಿಗೆ ಹೊಡೆಯುತ್ತದೆ. ಪರಿಮಳ ಹೋಗಿ ಖಾರ ಮಾತ್ರ ಉಳಿಯುತ್ತದೆ. ಗ್ಯಾಸ್ ಉರಿಯುತ್ತಿದ್ದರೆ ಆ ಆವಿಗೆ ಬೆಂಕಿ ಹತ್ತುವ ಅಪಾಯವೂ ಇದೆ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ವಿಸ್ಕಿ ಎಷ್ಟು? ಇಲ್ಲಿನ ಪಬ್‌ಗಳ ಒಂದು ಅಳತೆ 35.5 ಮಿಲಿ. ಅಷ್ಟು ಸಾಕು. ಇದಕ್ಕೆ ದುಬಾರಿ ಬಾಟಲಿ ತೆಗೆಯುವುದು ಬೇಡ, ಹಾಗಂತ ಹೊಗೆಯ ವಾಸನೆ ಇರುವ ಸ್ಕಾಚ್ ಕೂಡ ಬೇಡ. ಹೊಗೆ ಹಾಲನ್ನು ನುಂಗಿಬಿಡುತ್ತದೆ. ಐರಿಶ್ ವಿಸ್ಕಿಗಳಲ್ಲಿ ಹೆಚ್ಚಿನವು ಮೂರು ಸಲ ಬಟ್ಟಿ ಇಳಿಸಿದವು, ಹೊಗೆ ಇಲ್ಲದವು. ಕಡೇಪಕ್ಷ ಮೂರು ವರ್ಷ ಮರದ ಪೀಪಾಯಿಯಲ್ಲಿ ಇರಲೇಬೇಕು ಅಂತ ಕಾನೂನು. ಇವುಗಳಲ್ಲಿ ಪಾಟ್ ಸ್ಟಿಲ್ ಅನ್ನುವ ಬಗೆ ಒಂದಿದೆ. ಮೊಳಕೆ ಬರಿಸಿದ ಬಾರ್ಲಿಯ ಜೊತೆ ಮೊಳಕೆ ಬರಿಸದ ಬಾರ್ಲಿಯನ್ನೂ ಸೇರಿಸಿ ಮಾಡುತ್ತಾರೆ. ಅದರಲ್ಲಿ ಒಂದು ಮೆಣಸಿನ ಚುರುಕು, ಒಂದು ಎಣ್ಣೆಯಂಥ ನುಣುಪು ಇರುತ್ತದೆ. ಬೆಣ್ಣೆ ಹಾಲಿಗೆ ಅದು ಸರಿಯಾಗಿ ಕೂಡುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಹಳ್ಳಿಗಳಲ್ಲಿ ಹಿಂದೆ ಬಳಸುತ್ತಿದ್ದದ್ದು ಬಹುಶಃ ಪೊಚೀನ್ ಅನ್ನುವ ಕಳ್ಳಭಟ್ಟಿ. 1661ರಲ್ಲಿ ಸಾರಾಯಿಗೆ ಸುಂಕ ಬಂದ ಮೇಲೆ ಸುಂಕ ಕಟ್ಟದೆ ಇಳಿಸಿದ್ದೆಲ್ಲ ಕಳ್ಳಮಾಲಾಯಿತು. ಮತ್ತೆ ಕಾನೂನಿನೊಳಗೆ ಬಂದದ್ದು 1997ರಲ್ಲಿ. ಅದರ ಬಗ್ಗೆ ಕೆರ್ರಿ ಅಜ್ಜಿ ಮಾತು ಬೆಳೆಸುವುದಿಲ್ಲ, ನಾನೂ ಕೆದಕುವುದಿಲ್ಲ.

ಮಾಡಲು ಹೊರಟವರಿಗೆಲ್ಲ ಇರುವ ಹೆದರಿಕೆ ಒಂದೇ: ವಿಸ್ಕಿ ಹಾಕಿದರೆ ಹಾಲು ಒಡೆಯುವುದಿಲ್ಲವಾ? ಹಾಲು ತಾಜಾ ಇದ್ದರೆ ಒಡೆಯುವುದಿಲ್ಲ. ಹಾಲನ್ನು ಸುಲಭವಾಗಿ ಒಡೆಯುವುದು ಹುಳಿ. ವಿಸ್ಕಿಯಲ್ಲಿ ಹುಳಿ ತೀರಾ ಕಮ್ಮಿ. ಆಲ್ಕೋಹಾಲ್ ಕೂಡ ಹಾಲನ್ನು ಒಡೆಯಬಲ್ಲದು, ಆದರೆ ಅದಕ್ಕೆ ತುಂಬಾ ಜಾಸ್ತಿ ಬೇಕು. ಹಾಲಿನ ಡೈರಿಗಳಲ್ಲಿ ಆಲ್ಕೋಹಾಲ್ ಪರೀಕ್ಷೆ ಅಂತ ಒಂದಿದೆ. ಹಾಲು ಮತ್ತು 68% ಆಲ್ಕೋಹಾಲ್ ಸಮಸಮ ಸೇರಿಸಿ ಅಲ್ಲಾಡಿಸಿ ನೋಡುತ್ತಾರೆ. ಕೊಳವೆಯ ಗೋಡೆಗೆ ಚೂರುಚೂರಾಗಿ ಗಡ್ಡೆ ಅಂಟಿದರೆ ಆ ಹಾಲು ಕಾಯಿಸಲು ಲಾಯಕ್ಕಲ್ಲ ಅಂತ ಅರ್ಥ. ಹುಳಿ ಹತ್ತಿದ ಹಾಲು, ಗಿಣ್ಣು ಬೆರೆತ ಹಾಲು ಹೀಗೆ ಸಿಕ್ಕಿಬೀಳುತ್ತವೆ. ಒಳ್ಳೆಯ ಹಾಲು ಅಷ್ಟು ಕಡು ಆಲ್ಕೋಹಾಲನ್ನೂ ತಡೆದುಕೊಳ್ಳುತ್ತದೆ. ನಮ್ಮ ಲೋಟದಲ್ಲಿ ಎಲ್ಲ ಸೇರಿ ಇರುವುದು ಸುಮಾರು 6%. ಹಾಗಾಗಿ ಸ್ಕಾಲ್ಟೀನ್ ಒಡೆಯಿತು ಅಂದರೆ ವಿಸ್ಕಿಯ ಮೇಲೆ ತಪ್ಪು ಹೊರಿಸುವ ಮೊದಲು ಹಾಲು ಎಂದಿನದು ಅಂತ ನೋಡಿ.

ನಿಂಬೆಹಣ್ಣನ್ನು ಮಾತ್ರ ಹತ್ತಿರ ತರಬೇಡಿ. ಪಬ್‌ನ ಹಾಟ್ ವಿಸ್ಕಿ ನೋಡಿ ಇದಕ್ಕೂ ಹಿಂಡಿದರೆ ಪನೀರ್ ಆಗುತ್ತದೆ. ಬೆಲ್ಲದ ಆಸೆ ಇದ್ದವರಿಗೂ ಎಚ್ಚರಿಕೆ: ಪಾಯಸಕ್ಕೆ ಒಲೆಯಿಂದ ಇಳಿಸಿ ಆರಿದ ಮೇಲೆ ಬೆಲ್ಲ ಸೇರಿಸುವುದು ಯಾಕೆ ಅಂತ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದೇ ನಿಯಮ ಇಲ್ಲಿಗೂ ಸಲ್ಲುತ್ತದೆ.

ಕಾಳುಮೆಣಸಿನ ಬಗ್ಗೆ ನನಗೆ ವಿಶೇಷ ಪ್ರೀತಿ. ಈಗಿನ ಪಾಕಗಳಲ್ಲಿ ಮೆಣಸು ಅಷ್ಟಾಗಿ ಕಾಣುವುದಿಲ್ಲ, ಚಕ್ಕೆ ಜಾಯಿಕಾಯಿ ಬಂದು ಕೂತಿವೆ. ಆದರೆ ಜಾಯ್ಸ್ ಬರೆದದ್ದು ಮೆಣಸು ಅಂತ. ನಾಲ್ಕು ಕಾಳು ಕುಟ್ಟಿ ಹಾಲಿನ ಜೊತೆಗೇ ಹಾಕಿ ನೋಡಿ. ಜೇನಿನ ಸಿಹಿ ಹತೋಟಿಗೆ ಬರುತ್ತದೆ, ವಿಸ್ಕಿಯ ಖಾರಕ್ಕೆ ಜೊತೆ ಸಿಗುತ್ತದೆ. ಶೀತ ಆದಾಗ ಮೆಣಸಿನ ಹಾಲು ಕುಡಿದು ಬೆಳೆದವರಿಗೆ ಆ ರುಚಿ ಹೊಸದಲ್ಲ. ಕುಡಿಯುವ ಮುಂಚೆ ಸೋಸಿಕೊಳ್ಳಿ, ಗಂಟಲಿಗೆ ಚೂರು ಸಿಗುವುದು ಬೇಡ.

ಶೀತಕ್ಕೆ ಮದ್ದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬಿಸಿ ಹಾಲಿನ ಹಬೆ, ಜೇನು, ಮೆಣಸು ಇವು ಗಂಟಲಿಗೆ ಹಿತ ಕೊಡುವುದು ನಿಜ. ಆಲ್ಕೋಹಾಲ್ ಮಾಡುವ ಕೆಲಸ ಬೇರೆ. ಅದು ಚರ್ಮದ ಹತ್ತಿರದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈಯೆಲ್ಲ ಬೆಚ್ಚಗಾಯಿತು ಅನ್ನಿಸುತ್ತದೆ, ಆದರೆ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಅದಕ್ಕೇ ಕುಡಿದು ಮತ್ತೆ ಚಳಿಗೆ ಹೋಗಬಾರದು. ಕೊಟ್ಟಿಗೆ ಕೆಲಸ ಪೂರ್ತಿ ಮುಗಿದು, ಒದ್ದೆ ಬಟ್ಟೆ ಬದಲಿಸಿದ ಮೇಲೇ ಅಪ್ಪನಿಗೆ ಲೋಟ ಸಿಗುತ್ತಿತ್ತು ಅಂತ ಕೆರ್ರಿ ಅಜ್ಜಿ ಹೇಳುತ್ತಾರೆ. ಅವರಮ್ಮನಿಗೆ ವಿಜ್ಞಾನ ಗೊತ್ತಿತ್ತೋ ಇಲ್ಲವೋ, ಪದ್ಧತಿ ಸರಿಯಾಗಿತ್ತು. ಶೀತದ ಮಾತ್ರೆ ನುಂಗಿದ ದಿನ ಇದನ್ನು ಮುಟ್ಟಲೇಬೇಡಿ. ನಿದ್ದೆ ಬರಿಸುವ ಮಾತ್ರೆಗಳ ಜೊತೆ ಆಲ್ಕೋಹಾಲ್ ಅಪಾಯ. ಮಕ್ಕಳಿಗಂತೂ ಒಂದು ಹನಿಯೂ ಬೇಡ.

ಇನ್ನೊಂದು ಸಂಗತಿ ಹೇಳಬೇಕು, ಯಾಕೆಂದರೆ ಐರಿಶ್ ಜನ ಅಂದರೆ ಎಲ್ಲರೂ ಕುಡಿಯುವವರು ಅನ್ನುವ ಮಾತು ಕೇಳಿ ಕೇಳಿ ನನಗೆ ಬೇಜಾರಾಗಿದೆ. ಕಾರ್ಕ್‌ನ ಪ್ಯಾಟ್ರಿಕ್ ಸ್ಟ್ರೀಟಿನಲ್ಲಿ ಎದ್ದು ಕಾಣುವ ಪ್ರತಿಮೆ ಫಾದರ್ ಮ್ಯಾಥ್ಯೂ ಅವರದು. 1838ರಲ್ಲಿ ಇದೇ ಊರಿನಿಂದ ಕುಡಿತ ಬಿಡಿಸುವ ಚಳವಳಿ ನಡೆಸಿ, ಲಕ್ಷಗಟ್ಟಲೆ ಜನರಿಂದ ಪ್ರತಿಜ್ಞೆ ಮಾಡಿಸಿದವರು. ಆಮೇಲೆ 1898ರಲ್ಲಿ ಡಬ್ಲಿನ್‌ನಲ್ಲಿ ಪಯನೀಯರ್ ಸಂಘ ಶುರುವಾಯಿತು. ಜೀವನವಿಡೀ ಕುಡಿಯುವುದಿಲ್ಲ ಅಂತ ಮಾತು ಕೊಟ್ಟವರು ಕೋಟಿಗೆ ಅದರ ಸಣ್ಣ ಪಿನ್ ಸಿಕ್ಕಿಸಿಕೊಳ್ಳುತ್ತಾರೆ. ಕೆರ್ರಿ ಅಜ್ಜಿಯ ಅಣ್ಣ ಅಂಥವರು. ರಾತ್ರಿ ಅಪ್ಪನ ಜೊತೆ ಕೊಟ್ಟಿಗೆಯಲ್ಲಿ ಅವರೂ ಇರುತ್ತಿದ್ದರು, ಚಳಿ ಅವರಿಗೂ ಅಷ್ಟೇ. ಹಾಗಾಗಿ ಅಮ್ಮ ಹಾಲು, ಬೆಣ್ಣೆ, ಜೇನು, ಮಸಾಲೆ ಎಲ್ಲ ಕೂಡಿಸಿದ ಮೇಲೆ ಮೊದಲು ಅಣ್ಣನ ಲೋಟ ತುಂಬಿಸುತ್ತಿದ್ದರು. ಆಮೇಲೆ ಪಾತ್ರೆಯಲ್ಲಿ ಉಳಿದದ್ದಕ್ಕೆ ಅಪ್ಪನ ಪಾಲಿನ ವಿಸ್ಕಿ.

ನಾನು ಎರಡನ್ನೂ ಕುಡಿದಿದ್ದೇನೆ. ವಿಸ್ಕಿ ಇಲ್ಲದ್ದೂ ಪೂರ್ತಿಯಾದ ಪಾನೀಯವೇ. ಏನೋ ಬಿಟ್ಟುಹೋಗಿದೆ ಅನ್ನಿಸುವುದಿಲ್ಲ. ಹಾಲು, ಬೆಣ್ಣೆ ತೆಗೆದುಬಿಟ್ಟರೆ ಮಾತ್ರ ಸ್ಕಾಲ್ಟೀನ್ ಅನ್ನಲು ಏನೂ ಉಳಿಯುವುದಿಲ್ಲ. ಬೇಸಿಗೆಯಲ್ಲಿ ನನ್ನಮ್ಮ ಊರಿಂದ ಇಲ್ಲಿಗೆ ಬಂದಾಗಲೂ ಅವರಿಗೆ ಇಲ್ಲಿನ ಸಂಜೆ ಚಳಿಯೇ. ಅವರ ಲೋಟವನ್ನು ನಾವೂ ಮೊದಲೇ ತುಂಬಿಸಿ ತೆಗೆದಿಡುತ್ತೇವೆ. ಚಕ್ಕೆ ಬೇಡ ಅನ್ನುತ್ತಾರೆ, ಮೆಣಸು ಇನ್ನೆರಡು ಕಾಳು ಜಾಸ್ತಿ ಹಾಕು ಅನ್ನುತ್ತಾರೆ.